ಕಮಿಷನ್ ಯಾರ ಜೇಬಿನಿಂದ ಬರುತ್ತದೆ?

ಅಫಿಲಿಯೇಟ್ ಮಾರ್ಕೆಟಿಂಗ್‌ನ ವ್ಯವಹಾರ ಸರಳ. ಬೇರೆಯವರ ಸರಕಿನ ಲಿಂಕನ್ನು ನೀವು ಹಂಚುತ್ತೀರಿ. ಅದನ್ನು ಒತ್ತಿ ಹೋದವರು ಕೊಂಡರೆ ಮಾರಿದವರು ನಿಮಗೆ ಕಮಿಷನ್ ಕೊಡುತ್ತಾರೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಈಗ ಇದರಲ್ಲಿ ಕೈಯಾಡಿಸುವವರು ಬಹಳ. ಮಾನ್ಯತಾ ಟೆಕ್ ಪಾರ್ಕಿನ ಪಾಳಿ ಮುಗಿಸಿ ಬಂದು ರಾತ್ರಿ ಮೊಬೈಲ್ ವಿಮರ್ಶೆಯ ವಿಡಿಯೊ ಮಾಡುವವರಿದ್ದಾರೆ, ಅಡುಗೆ ರೀಲ್ಸ್ ಕೆಳಗೆ ಕುಕ್ಕರಿನ ಲಿಂಕ್ ಹಾಕುವ ಗೃಹಿಣಿಯರಿದ್ದಾರೆ, ಟೆಲಿಗ್ರಾಂನಲ್ಲಿ ದಿನದ ಆಫರ್‌ಗಳ ಚಾನೆಲ್ ನಡೆಸುವ ಕಾಲೇಜು ಹುಡುಗರಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: ಯಾವ ಪ್ರೋಗ್ರಾಂ ಸೇರಲಿ, ಯಾವುದನ್ನು ನಂಬಲಿ?

ಈ ಪ್ರಶ್ನೆಗೆ ಬಲ್ಲವರು ಕೊಡುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಾನೂನು ಬಲ್ಲವರು ನೋಡುವುದು ಒಂದು ಕಡೆ, ಈಗಾಗಲೇ ದುಡಿಯುತ್ತಿರುವವರು ನೋಡುವುದು ಇನ್ನೊಂದು ಕಡೆ, ಗ್ರಾಹಕರ ಪರ ಇರುವವರು ಮತ್ತೊಂದು ಕಡೆ. ಯಾವ ನೋಟ ಏನನ್ನು ಬಿಡಿಸಿ ಹೇಳುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಇಲ್ಲಿ ನೋಡೋಣ.

ಯಶವಂತಪುರದ ಯಾರ್ಡಿನಿಂದ ಲಿಂಕಿನವರೆಗೆ

ಕಮಿಷನ್ನಿನ ಬದುಕು ಉತ್ತರ ಬೆಂಗಳೂರಿಗೆ ಹೊಸದೇನಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ, ಆಲೂಗೆಡ್ಡೆ ಮಂಡಿಗಳು ನಡೆಯುವುದೇ ಅದರ ಮೇಲೆ. ರೈತ ಸರಕು ತರುತ್ತಾನೆ, ಖರೀದಿದಾರ ಕೊಳ್ಳುತ್ತಾನೆ, ನಡುವೆ ದಲ್ಲಾಳಿ ಇರುತ್ತಾನೆ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಈ ನಡುವಿನವನಿಗೆ ಪರವಾನಗಿ ಕಡ್ಡಾಯ ಮಾಡಿತು, ಕಮಿಷನ್ನಿಗೆ ಮಿತಿ ಹಾಕಿತು, ಅದನ್ನು ರೈತನಿಂದ ವಸೂಲು ಮಾಡಕೂಡದು ಎಂದಿತು. ಹಾಗಿದ್ದೂ ರಾಜ್ಯದ ಮಾರುಕಟ್ಟೆಗಳಲ್ಲಿ ‘ಬಿಳಿ ಚೀಟಿ’ ವ್ಯವಹಾರದ ದೂರು ನಿಂತಿಲ್ಲ: ಅಧಿಕೃತ ಬಿಲ್ಲಿಲ್ಲದೆ ಸಾದಾ ಕಾಗದದ ಮೇಲೆ ಲೆಕ್ಕ ಬರೆದು, ರೈತನ ಹಣದಲ್ಲೇ ಕಮಿಷನ್ ಹಿಡಿದುಕೊಳ್ಳುವುದು. ಹಣ ಯಾರಿಂದ ಬರುತ್ತದೆ, ಲೆಕ್ಕ ಯಾವ ಕಾಗದದಲ್ಲಿದೆ, ಅನ್ಯಾಯವಾದರೆ ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆ ಮಂಡಿಯಲ್ಲಿ ಹುಟ್ಟಿದವು. ಅಫಿಲಿಯೇಟ್ ಲಿಂಕಿಗೂ ಅವೇ ಪ್ರಶ್ನೆಗಳು ಬೇಕು.

ಕಮಿಷನ್ ಮತ್ತು ನಂಬಿಕೆ ಜೊತೆಯಾಗಿ ನಡೆದ ಉದಾಹರಣೆಯೂ ಕನ್ನಡ ನಾಡಿನಲ್ಲೇ ಇದೆ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ ಬಂದು ಪುಡಿಗಾಸು ಸಂಗ್ರಹಿಸುತ್ತಿದ್ದ. ಆತನಿಗೆ ಕಮಿಷನ್ ಸಿಗುತ್ತಿತ್ತು, ಆದರೆ ಹಣ ಕಟ್ಟುವವರು ನೋಡುತ್ತಿದ್ದದ್ದು ಆತನ ಮುಖವನ್ನು. ಆತ ಅದೇ ಬೀದಿಯವನು, ನಾಳೆಯೂ ಬರುವವನು.

ಅಂತರ್ಜಾಲದ ಕಥೆ ಅಮೆರಿಕದ್ದು. ವಿಲಿಯಂ ಟೋಬಿನ್ 1989ರಲ್ಲಿ ಪ್ರಾಡಿಜಿ ಜಾಲದಲ್ಲಿ ಹೂವು ಮಾರುವ ಪಿಸಿ ಫ್ಲವರ್ಸ್ ಆರಂಭಿಸಿ, ಮಾರಾಟದ ಮೇಲೆ ಆ ಜಾಲಕ್ಕೇ ಕಮಿಷನ್ ಕೊಟ್ಟ. 1994ರಲ್ಲಿ ಸಿಡಿನೌ ಸಂಗೀತದ ಅಂಗಡಿ ಇದೇ ದಾರಿ ಹಿಡಿಯಿತು. 1996ರ ಜುಲೈನಲ್ಲಿ ಅಮೆಜಾನ್ ತನ್ನ ಅಸೋಸಿಯೇಟ್ಸ್ ಕಾರ್ಯಕ್ರಮವನ್ನು ಎಲ್ಲರಿಗೂ ತೆರೆದು, 2000ದಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆಯಿತು. ಮಾರುವವರಿಗೂ ಲಿಂಕ್ ಹಂಚುವವರಿಗೂ ಮಧ್ಯಸ್ಥಿಕೆ ವಹಿಸುವ ಲಿಂಕ್‌ಶೇರ್, ಕಮಿಷನ್ ಜಂಕ್ಷನ್‌ನಂತಹ ಜಾಲಗಳೂ ಅದೇ ದಶಕದಲ್ಲಿ ಬಂದವು.

ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. 2013ರ ಜೂನ್‌ನಲ್ಲಿ ಭಾರತದ ಅಮೆಜಾನ್ ಅಂಗಡಿ ತೆರೆಯಿತು. ಅದರ ಭಾರತೀಯ ಮುಖ್ಯ ಕಚೇರಿ ವರ್ಷಗಟ್ಟಲೆ ಇದ್ದದ್ದು ಯಶವಂತಪುರಕ್ಕೆ ಅಂಟಿದಂತಿರುವ ಬ್ರಿಗೇಡ್ ಗೇಟ್‌ವೇ ಕಟ್ಟಡದಲ್ಲಿ. ಈಚೆಗೆ ಅದು ಹೆಬ್ಬಾಳ, ಯಲಹಂಕ ದಾಟಿ ವಿಮಾನ ನಿಲ್ದಾಣದತ್ತ ಸರಿದಿದೆ. 2015ರಲ್ಲಿ ಇದೇ ನಗರದಲ್ಲಿ ಆರಂಭವಾದ ಮೀಶೋ ಇನ್ನೊಂದು ಬಾಗಿಲು ತೆರೆಯಿತು: ಸೀರೆ, ಕುರ್ತಾಗಳ ಚಿತ್ರವನ್ನು ವಾಟ್ಸಾಪ್‌ನಲ್ಲಿ ಹಂಚಿ, ತನ್ನ ಲಾಭವನ್ನು ತಾನೇ ಸೇರಿಸಿ ಮಾರುವ ದಾರಿ. ಮನೆಯಿಂದ ಹೊರಗೆ ದುಡಿಯಲು ಹೋಗಲಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಕಮಿಷನ್ ವ್ಯವಹಾರದ ಪರಿಚಯವಾದದ್ದು ಹೀಗೆ.

ಹಣದ ಮೂಲ ನೋಡಿ ಎನ್ನುವವರು

ಕಾನೂನಿನ ಕಡೆಯವರ ಮೊದಲ ಪ್ರಶ್ನೆ: ಕಮಿಷನ್ನಿನ ಹಣ ಸರಕು ಕೊಂಡ ಗ್ರಾಹಕನದೋ, ಹೊಸದಾಗಿ ಸೇರಿದ ಸದಸ್ಯನದೋ? ಈ ವಿವೇಚನೆಗೆ ಗಟ್ಟಿ ನೆಲೆ ಕೊಟ್ಟದ್ದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಕಾಸ್ಕಾಟ್ ಎಂಬ ಸೌಂದರ್ಯವರ್ಧಕ ಕಂಪನಿಯ ವಿರುದ್ಧ ಕೊಟ್ಟ ತೀರ್ಪು. ಮಾರುವ ಹಕ್ಕಿಗಾಗಿ ಹಣ ಕಟ್ಟಬೇಕು, ಆಮೇಲೆ ಇತರರನ್ನು ಸೇರಿಸಿದ್ದಕ್ಕೆ ಹಣ ಸಿಗುತ್ತದೆ, ಆ ಹಣಕ್ಕೂ ಕೊನೆಯ ಬಳಕೆದಾರನಿಗೆ ಆದ ಮಾರಾಟಕ್ಕೂ ಸಂಬಂಧವಿಲ್ಲ ಎಂದಾದರೆ ಅದು ಪಿರಮಿಡ್.

ನಮ್ಮಲ್ಲಿ 1978ರಷ್ಟು ಹಿಂದೆಯೇ ಪ್ರೈಜ್ ಚಿಟ್ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆ ಬಂತು. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2021ರ ಡಿಸೆಂಬರ್‌ನಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೇರ ಮಾರಾಟ ನಿಯಮಗಳು ಬಂದವು. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ನಡೆಸುವುದನ್ನೂ ಅದಕ್ಕೆ ಜನರನ್ನು ಸೇರಿಸುವುದನ್ನೂ ಈ ನಿಯಮಗಳು ನೇರವಾಗಿ ನಿಷೇಧಿಸುತ್ತವೆ.

ಬೆಂಗಳೂರಿಗರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2018ರಲ್ಲಿ ಆಂಬಿಡೆಂಟ್, 2019ರ ಜೂನ್‌ನಲ್ಲಿ ಐಎಂಎ ಕುಸಿದಾಗ ಈ ನಗರದ ಸಾವಿರಾರು ಕುಟುಂಬಗಳು ಉಳಿತಾಯ ಕಳೆದುಕೊಂಡವು. ಅವು ಅಫಿಲಿಯೇಟ್ ಪ್ರೋಗ್ರಾಂಗಳಲ್ಲ, ಹೂಡಿಕೆಯ ಯೋಜನೆಗಳು. ಆದರೆ ಹರಡಿದ ದಾರಿ ಒಂದೇ: ಬಂಧುವೊಬ್ಬರು ಹೇಳಿದರು, ಅವರಿಗೆ ತಿಂಗಳು ತಿಂಗಳು ಹಣ ಬರುತ್ತಿತ್ತು, ಅದಕ್ಕೆ ನಾವೂ ಹಾಕಿದೆವು. ಆನ್‌ಲೈನ್ ಲೋಕದ ಕ್ರಿಪ್ಟೊ ಹೂಡಿಕೆ ಯೋಜನೆ ಬಿಟ್‌ಕನೆಕ್ಟ್ ಕೂಡ ಜನರನ್ನು ಸೇರಿಸಿದ್ದಕ್ಕೆ ಕಮಿಷನ್ ಕೊಟ್ಟೇ ಜಗತ್ತಿನಾದ್ಯಂತ ಬೆಳೆದು 2018ರ ಜನವರಿಯಲ್ಲಿ ಬಾಗಿಲು ಹಾಕಿತು. ಹದಿನೈದು ದಿನದಲ್ಲಿ ಹಣ ದುಪ್ಪಟ್ಟು ಎಂದ ‘ಪವರ್ ಬ್ಯಾಂಕ್’ ಆ್ಯಪ್ ಮೇಲೆ 2021ರಲ್ಲಿ ಪೊಲೀಸರು ಕ್ರಮ ಕೈಗೊಂಡರು.

ಈಗ ಚಾಲ್ತಿಯಲ್ಲಿರುವ ವಂಚನೆಯ ನಡೆಯನ್ನು ಹತ್ತಿರದಿಂದ ನೋಡಬೇಕು. ವಾಟ್ಸಾಪ್‌ಗೆ ಗೊತ್ತಿಲ್ಲದ ನಂಬರಿನಿಂದ ಪಾರ್ಟ್‌ಟೈಮ್ ಕೆಲಸದ ಸಂದೇಶ ಬರುತ್ತದೆ. ಅಲ್ಲಿಂದ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಹೋಟೆಲಿಗೆ ಐದು ಸ್ಟಾರ್ ಕೊಡಿ, ವಿಡಿಯೊ ಲೈಕ್ ಮಾಡಿ ಎನ್ನುತ್ತಾರೆ. ಮಾಡಿದರೆ ನೂರೋ ಇನ್ನೂರೋ ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಗುಂಪಿನಲ್ಲಿ ಉಳಿದವರೆಲ್ಲ ತಮಗೆ ಬಂದ ಹಣದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಮೂರನೆಯ ಕೆಲಸದ ಹೊತ್ತಿಗೆ ‘ಪ್ರೀಪೇಯ್ಡ್ ಟಾಸ್ಕ್’ ಬರುತ್ತದೆ: ಎರಡು ಸಾವಿರ ಕಟ್ಟಿ, ಎರಡು ಸಾವಿರದ ಎಂಟುನೂರು ತೆಗೆದುಕೊಳ್ಳಿ. ಆಮೇಲೆ ಹತ್ತು ಸಾವಿರ, ಐವತ್ತು ಸಾವಿರ. ಹಣ ಹಿಂದಕ್ಕೆ ಕೇಳಿದರೆ ತೆರಿಗೆ ಕಟ್ಟಿ ಬಿಡಿಸಿಕೊಳ್ಳಿ ಎನ್ನುತ್ತಾರೆ. ಇದನ್ನೂ ಅವರು ಅಫಿಲಿಯೇಟ್ ಎಂದೇ ಕರೆಯುತ್ತಾರೆ. ಇಲ್ಲಿ ಸರಕೂ ಇಲ್ಲ, ಗ್ರಾಹಕನೂ ಇಲ್ಲ.

ಇಂಥದ್ದನ್ನು ಗುರುತಿಸಲು ಹಣದ ಮೂಲ ನೋಡುವವರ ಅಳತೆ ಸಾಕು. ತೊಡಕಾಗುವುದು ಕೋರ್ಸ್ ಮಾರುವ ಕಂಪನಿಗಳಲ್ಲಿ. ಮೂರು ಸಾವಿರ, ಏಳು ಸಾವಿರ, ಹದಿನೈದು ಸಾವಿರದ ಪ್ಯಾಕೇಜುಗಳಿರುತ್ತವೆ. ನೀವು ಕೊಂಡರೆ ಮಾತ್ರ ಅದನ್ನು ಇತರರಿಗೆ ಮಾರುವ ಅರ್ಹತೆ, ಮಾರಿದರೆ ಅರ್ಧಕ್ಕಿಂತ ಹೆಚ್ಚು ಕಮಿಷನ್. ಕೋರ್ಸಿನಲ್ಲಿ ವಿಡಿಯೊಗಳಿವೆ, ಆದ್ದರಿಂದ ಸರಕೇ ಇಲ್ಲ ಎನ್ನಲಾಗದು. ಆದರೆ ಕೊಳ್ಳುವವರಲ್ಲಿ ಎಷ್ಟು ಜನ ಕಲಿಯಲು ಕೊಳ್ಳುತ್ತಾರೆ, ಎಷ್ಟು ಜನ ಮಾರುವ ಅರ್ಹತೆಗಾಗಿ ಕೊಳ್ಳುತ್ತಾರೆ? ನಾಳೆಯಿಂದ ಕಮಿಷನ್ ಇಲ್ಲ ಎಂದರೂ ಆ ಬೆಲೆಗೆ ಆ ಕೋರ್ಸನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ಕೇಳಿಕೊಂಡರೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಸೇರಲು ಹಣ ಕೇಳುವ ಯಾವ ಪ್ರೋಗ್ರಾಂ ಕೂಡ ಬೇಡ. ಅಮೆಜಾನಿನಂತಹ ದೊಡ್ಡ ಅಂಗಡಿಯಾಗಲಿ, ಮಧ್ಯವರ್ತಿ ಜಾಲವಾಗಲಿ ಲಿಂಕ್ ಹಂಚುವವರಿಂದ ಸಾಮಾನ್ಯವಾಗಿ ಪ್ರವೇಶ ಶುಲ್ಕ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಗ್ರಾಹಕ.

ಲೆಕ್ಕದವರು

ವಂಚನೆಯಲ್ಲ ಎಂದು ಖಾತರಿಯಾದ ಮೇಲೂ ಆಯ್ಕೆ ಉಳಿದಿರುತ್ತದೆ. ಇಲ್ಲಿ ದುಡಿದು ಪಳಗಿದವರು ಕರಾರು ಪತ್ರ ಓದಿ ಎನ್ನುತ್ತಾರೆ. ಕಮಿಷನ್ ದರ ಎಷ್ಟು, ಲಿಂಕ್ ಯಾರದೆಂದು ಗುರುತಿಟ್ಟುಕೊಳ್ಳುವ ಕುಕಿ ಎಷ್ಟು ಹೊತ್ತು ಬದುಕುತ್ತದೆ, ಕನಿಷ್ಠ ಎಷ್ಟು ಸೇರಿದರೆ ಹಣ ಬರುತ್ತದೆ, ವಾಪಸಾದ ಸರಕಿನ ಕಮಿಷನ್ ಯಾವಾಗ ಕಡಿತವಾಗುತ್ತದೆ ಎಂಬಷ್ಟು ತಿಳಿಯದೆ ಲಿಂಕ್ ಹಾಕಬಾರದು ಎಂಬುದು ಅವರ ಮಾತು.

ಅಮೆಜಾನಿನ ಲಿಂಕನ್ನೇ ತೆಗೆದುಕೊಳ್ಳಿ. ಅದರ ಬಾಲದಲ್ಲಿ ‘ಟ್ಯಾಗ್’ ಎಂಬುದರ ಮುಂದೆ ಹಂಚಿದವರ ಗುರುತು ಇರುತ್ತದೆ, ಭಾರತದ ಖಾತೆಯಾದರೆ ಅದು 21 ಎಂಬ ಅಂಕಿಯಿಂದ ಮುಗಿಯುತ್ತದೆ. ಒತ್ತಿದ 24 ಗಂಟೆಯೊಳಗೆ ಆ ವ್ಯಕ್ತಿ ಏನು ಕೊಂಡರೂ, ನೀವು ಹೇಳಿದ ಸರಕನ್ನೇ ಕೊಳ್ಳದಿದ್ದರೂ, ಕಮಿಷನ್ ನಿಮ್ಮದಾಗಬಹುದು. ನಡುವೆ ಇನ್ನೊಬ್ಬರ ಲಿಂಕ್ ಒತ್ತಿದರೆ ನಿಮ್ಮ ಗುರುತು ಅಳಿಯುತ್ತದೆ. ಖಾತೆ ತೆರೆದ 180 ದಿನಗಳೊಳಗೆ ಮೂರು ಮಾರಾಟವಾದರೂ ಆಗದಿದ್ದರೆ ಖಾತೆಯೇ ಹೋಗುತ್ತದೆ.

ಈಗ ಒಂದು ಅಂದಾಜು ಮಾಡೋಣ. ನಿಮ್ಮ ಲಿಂಕನ್ನು 1,000 ಜನ ಒತ್ತಿದರು, ನೂರಕ್ಕೆ ಇಬ್ಬರು ಕೊಂಡರು ಎಂದಿಟ್ಟುಕೊಳ್ಳಿ: 20 ಆರ್ಡರ್. ಸರಾಸರಿ ₹1,500ರಂತೆ ₹30,000ದ ವ್ಯಾಪಾರ. ದರ ಶೇ 4 ಎಂದರೆ ₹1,200. ಐದು ಆರ್ಡರ್ ವಾಪಸಾದರೆ ₹900. ಸಾವಿರ ಜನ ಒತ್ತಬೇಕಾದರೆ ವಿಡಿಯೊವನ್ನು ಅದರ ಹತ್ತಾರು ಪಟ್ಟು ಜನ ನೋಡಬೇಕು. ತಿಂಗಳಿಗೆ ಲಕ್ಷ ಎಂದು ಆಸೆ ತೋರಿಸುವವರ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಲೆಕ್ಕದವರ ನೋಟಕ್ಕೆ ಒಂದು ಮಿತಿ ಇದೆ. ಅವರು ಹೆಚ್ಚು ದರದ ಹಿಂದೆ ಬೀಳುತ್ತಾರೆ. ಕುಕ್ಕರಿಗೆ ಶೇ 4 ಕೊಡುವ ಲೋಕದಲ್ಲಿ ಯಾರೋ ಶೇ 50 ಕೊಡುತ್ತಾರೆಂದರೆ ಆ ಸರಕಿನ ತಯಾರಿಕೆಯ ಖರ್ಚು ತೀರಾ ಕಡಿಮೆ, ಇಲ್ಲವೇ ಲಿಂಕ್ ಹಂಚುವವರ ನೂಕುಬಲವಿಲ್ಲದೆ ಅದು ಹೋಗುವುದಿಲ್ಲ. ವೆಬ್ ಹೋಸ್ಟಿಂಗ್‌ನಂತಹ ಸಾಚಾ ಸೇವೆಗಳಲ್ಲೂ ಮೊದಲ ವರ್ಷದ ಬೆಲೆ ತೋರಿಸಿ ನವೀಕರಣದ ಬೆಲೆ ಮರೆಮಾಚುವ ವಿಮರ್ಶೆಗಳು ಹುಟ್ಟುವುದು ದೊಡ್ಡ ಕಮಿಷನ್ನಿನ ಸೆಳೆತದಿಂದಲೇ.

ಮೋಸ ಒಂದೇ ಕಡೆಯಿಂದ ನಡೆಯುತ್ತದೆ ಎಂದೂ ತಿಳಿಯಬೇಕಿಲ್ಲ. ಈಬೇ ಕಂಪನಿಯ ಅತಿ ದೊಡ್ಡ ಅಫಿಲಿಯೇಟ್‌ಗಳಾಗಿದ್ದ ಶಾನ್ ಹೋಗನ್, ಬ್ರಯನ್ ಡನ್ನಿಂಗ್ ಜನ ಲಿಂಕ್ ಒತ್ತದಿದ್ದರೂ ಅವರ ಕಂಪ್ಯೂಟರಿಗೆ ಗುಟ್ಟಾಗಿ ಕುಕಿ ತುರುಕುತ್ತಿದ್ದರು. 2014ರಲ್ಲಿ ಇಬ್ಬರಿಗೂ ಜೈಲು ಶಿಕ್ಷೆಯಾಯಿತು. 2024ರ ಡಿಸೆಂಬರ್‌ನಲ್ಲಿ ಪೇಪಾಲ್ ಒಡೆತನದ ಹನಿ ಎಂಬ ಕೂಪನ್ ಸಾಧನದ ಮೇಲೆ ತದ್ವಿರುದ್ಧ ಆರೋಪ ಬಂತು: ಗ್ರಾಹಕ ಹಣ ಪಾವತಿಸುವ ಕೊನೆಯ ಕ್ಷಣದಲ್ಲಿ ಲಿಂಕ್ ಹಂಚಿದವರ ಗುರುತು ಅಳಿಸಿ ತನ್ನದನ್ನು ಹಾಕಿಕೊಳ್ಳುತ್ತದೆ ಎಂದು. ಆ ಸಾಧನವನ್ನು ಪ್ರಚಾರ ಮಾಡಿದವರಲ್ಲಿ ಹೆಸರಾಂತ ಯೂಟ್ಯೂಬರ್‌ಗಳೇ ಇದ್ದರು. ಕರಾರು ಪತ್ರವನ್ನು ಎಷ್ಟು ಜಾಗರೂಕತೆಯಿಂದ ಓದಿದ್ದರೂ ಇದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ.

ನೋಡುಗನ ಪರ ನಿಂತವರು

ಮೂರನೆಯ ನೋಟದವರಿಗೆ ಪ್ರೋಗ್ರಾಂಗಿಂತ ಸರಕು ಮುಖ್ಯ. ನೀವು ಬಳಸದ ವಸ್ತುವಿನ ಲಿಂಕ್ ಹಾಕಬೇಡಿ, ನಿಮ್ಮ ತಂಗಿಗೆ ಕೊಳ್ಳು ಎಂದು ಹೇಳಲಾಗದ್ದನ್ನು ನೋಡುಗರಿಗೂ ಹೇಳಬೇಡಿ ಎನ್ನುತ್ತಾರೆ. ಇದು ಬರೀ ನೀತಿಯ ಮಾತಾಗಿ ಉಳಿದಿಲ್ಲ, ಈಗ ಕಾನೂನೂ ಆಗಿದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನೂ ಬಿಡಿಸಿ ಹೇಳಿತು: ನಿಮಗೂ ಕಂಪನಿಗೂ ಹಣದ ನಂಟಿದ್ದರೆ ಅದನ್ನು ಎದ್ದು ಕಾಣುವಂತೆ ತಿಳಿಸಬೇಕು, ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡಬಾರದು, ವಿಡಿಯೊದಲ್ಲಾದರೆ ಬರಹದಲ್ಲೂ ಮಾತಿನಲ್ಲೂ ಹೇಳಬೇಕು. ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಬಾರಿ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು.

ಕೆಲವು ವಲಯಗಳಲ್ಲಿ ಆಯ್ಕೆಯೇ ಉಳಿದಿಲ್ಲ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜಿನ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದಾಗ ಬೆಟ್ಟಿಂಗ್ ಆ್ಯಪ್‌ಗಳ ರೆಫರಲ್ ಲಿಂಕಿಗೆ ಜಾಗ ಸಿಕ್ಕಿತು ಎಂದುಕೊಂಡವರಿದ್ದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತನ್ನೂ ಅಪರಾಧ ಮಾಡಿದೆ: ಎರಡು ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ. ಷೇರು ಪೇಟೆಯ ವಿಷಯದಲ್ಲಿ ಸೆಬಿ 2024ರ ಆಗಸ್ಟ್‌ನಿಂದ, ನೋಂದಣಿ ಇಲ್ಲದೆ ಸಲಹೆ ಕೊಡುವವರ ಜೊತೆ ಬ್ರೋಕರ್‌ಗಳು ನಂಟಿಟ್ಟುಕೊಳ್ಳುವುದನ್ನು ತಡೆದಿದೆ. ಸಾಲದ ಆ್ಯಪ್, ಬೆಟ್ಟಿಂಗ್, ಟ್ರೇಡಿಂಗ್ ಟಿಪ್ಸ್ ಇವುಗಳ ಕಮಿಷನ್ ದೊಡ್ಡದು, ಸೋಲುವವರು ನಿಮ್ಮ ನೋಡುಗರು. ಇವುಗಳ ಬಗ್ಗೆ ನಾನು ಇತ್ತ ಅತ್ತ ತೂಗಿ ಮಾತಾಡಲಾರೆ. ಇವುಗಳ ಲಿಂಕ್ ಹಾಕುವುದು ತಪ್ಪು.

ಈ ನೋಟ ಬಹುಕಾಲ ಬಾಳುತ್ತದೆ, ಆದರೆ ನಿಧಾನ. ಒಬ್ಬ ವಿದ್ಯಾರ್ಥಿ ಹತ್ತು ಮೊಬೈಲ್ ಕೊಂಡು ಪರೀಕ್ಷಿಸಲಾರ. ಆತ ಪ್ರಾಮಾಣಿಕವಾಗಿ ‘ನಾನು ಬಳಸಿಲ್ಲ, ಬಳಸಿದವರ ಮಾತು ಒಟ್ಟುಗೂಡಿಸಿದ್ದೇನೆ’ ಎಂದು ಹೇಳಬಹುದು. ಹಾಗೆ ಹೇಳುವವರು ಕಡಿಮೆ.

ಒಂದನ್ನೇ ನೆಚ್ಚಬೇಡಿ ಎನ್ನುವವರು

ಇನ್ನು ಕೆಲವರ ಪ್ರಕಾರ ಒಳ್ಳೆಯ ಪ್ರೋಗ್ರಾಂ ಕೂಡ ನಾಳೆ ಕೈಬಿಡಬಹುದು. ಅಮೆರಿಕದಲ್ಲಿ ಅಮೆಜಾನ್ 2020ರ ಏಪ್ರಿಲ್ 21ರಿಂದ ದರಗಳನ್ನು ಇಳಿಸಿತು: ಪೀಠೋಪಕರಣದ್ದು ಶೇ 8ರಿಂದ ಶೇ 3ಕ್ಕೆ, ದಿನಸಿಯದ್ದು ಶೇ 5ರಿಂದ ಶೇ 1ಕ್ಕೆ. ಲಾಕ್‌ಡೌನಿನ ಆ ದಿನಗಳಲ್ಲಿ ಅದನ್ನೇ ನಂಬಿದ್ದವರ ಆದಾಯ ಒಂದೇ ಏಟಿಗೆ ಬಿತ್ತು. ಗೂಗಲ್ ತನ್ನ ಹುಡುಕಾಟದ ನಿಯಮ ಬದಲಿಸಿದಾಗಲೂ ಹೀಗೇ ಆಗಿದೆ. ಎರಡು ಮೂರು ಪ್ರೋಗ್ರಾಂ ಇಟ್ಟುಕೊಳ್ಳಿ, ಸಂಬಳದ ಕೆಲಸ ಬಿಡಬೇಡಿ ಎಂಬ ಅವರ ಸಲಹೆ ಸರಿಯೇ. ಆದರೆ ಇದು ಪೆಟ್ಟನ್ನು ತಗ್ಗಿಸುತ್ತದೆಯೇ ಹೊರತು ಯಾವುದನ್ನು ನಂಬಬೇಕೆಂದು ಹೇಳುವುದಿಲ್ಲ.

ತೆರಿಗೆಯ ಮಾತನ್ನೂ ಇಲ್ಲೇ ಹೇಳಬೇಕು. ಕಮಿಷನ್ ಆದಾಯದ ಮೇಲಿನ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಸೇವೆಯ ವ್ಯವಹಾರ ವರ್ಷಕ್ಕೆ ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದದ್ದು ನೆನಪಿರಲಿ. ಟಿಡಿಎಸ್ ಕಡಿದು ಪ್ರಮಾಣಪತ್ರ ಕೊಡುವ, ಪ್ಯಾನ್ ಕೇಳುವ ಕಂಪನಿ ನಂಬಿಕೆಗೆ ಹತ್ತಿರ. ಪ್ಯಾನ್ ಬೇಡ, ಯುಪಿಐ ನಂಬರ್ ಕೊಟ್ಟರೆ ಸಾಕು ಎನ್ನುವವರದು ಬಿಳಿ ಚೀಟಿಯ ಲೆಕ್ಕವೇ.

ಇತ್ಯರ್ಥವಾಗದ್ದು

ಕೋರ್ಸ್ ಪ್ಯಾಕೇಜುಗಳು ನೇರ ಮಾರಾಟವೋ, ಶಿಕ್ಷಣವೋ, ಹಣ ಪರಿಚಲನೆಯೋ ಎಂಬುದು ಒಂದೊಂದು ಪ್ರಕರಣವಾಗಿ ತೀರ್ಮಾನವಾಗಬೇಕಿದೆ. ಅಷ್ಟರಲ್ಲಿ ಹೊಸ ಹೆಸರಿನಲ್ಲಿ ಹೊಸ ಕಂಪನಿ ಬಂದಿರುತ್ತದೆ. ಲಿಂಕ್ ಹಂಚುವವರು ಕಾನೂನಿನ ಕಣ್ಣಿಗೆ ಯಾರು ಎಂಬುದೂ ಮಸುಕು. ಅವರು ನೌಕರರಲ್ಲ, ಸೇವೆಗೆ ಹಣ ಕೊಟ್ಟ ಗ್ರಾಹಕರೂ ಅಲ್ಲ. ಖಾತೆ ಏಕಾಏಕಿ ಮುಚ್ಚಿ ಬಾಕಿ ಕಮಿಷನ್ ತಡೆದರೆ ಯಲಹಂಕದ ಹುಡುಗಿಯೊಬ್ಬಳು ಎಂಟು ಸಾವಿರ ರೂಪಾಯಿಗಾಗಿ ಮಧ್ಯಸ್ಥಿಕೆ ಷರತ್ತಿನ ಕರಾರು ಹಿಡಿದು ಎಲ್ಲಿಗೆ ಹೋಗಬೇಕು? ಮಂಡಿಯ ದಲ್ಲಾಳಿಯ ಮೇಲೆ ದೂರಲು ಎಪಿಎಂಸಿ ಇದೆ, ಇವಳಿಗೆ ಅಂಥದ್ದೊಂದು ಜಾಗವಿಲ್ಲ. ಎಷ್ಟು ಜನ ಒತ್ತಿದರು, ಎಷ್ಟು ಜನ ಕೊಂಡರು ಎಂಬ ಲೆಕ್ಕವೂ ಕಂಪನಿಯ ಕೈಯಲ್ಲೇ ಇದೆ.

ಭಾಷೆಯ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿ, ಕಮಿಷನ್ ಸಿಗುತ್ತದೆ ಎಂಬ ಒಂದು ಸಾಲನ್ನು ಮಾತ್ರ ಕೆಳಗೆ ಇಂಗ್ಲಿಷಿನಲ್ಲಿ ಹಾಕಿದರೆ ತಿಳಿಸಿದಂತಾಯಿತೇ? ಇಂಗ್ಲಿಷ್ ಬಾರದ ಅತ್ತೆ, ಅಜ್ಜಿಯರೂ ಈ ವಿಡಿಯೊ ನೋಡುತ್ತಾರೆ. ಆಗಲಿಲ್ಲ ಎಂದೇ ನನ್ನ ತೀರ್ಮಾನ. ಹಾಗೆಯೇ ಎಐ ಉತ್ತರಗಳು ಹುಡುಕಾಟದ ಮೇಲ್ಭಾಗದಲ್ಲೇ ಬರತೊಡಗಿದ ಮೇಲೆ ವಿಮರ್ಶೆ ಓದದೆ, ಲಿಂಕ್ ಒತ್ತದೆ ಕೊಳ್ಳುವವರು ಹೆಚ್ಚಿದರೆ ಈ ಕಮಿಷನ್ ಯಾರ ಪಾಲಾಗುತ್ತದೆ ಎಂಬುದಕ್ಕೂ ಇನ್ನೂ ಉತ್ತರವಿಲ್ಲ.

ಇವೆಲ್ಲ ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ. ಈ ವಾರ ಯಾವುದಾದರೂ ಪ್ರೋಗ್ರಾಂ ಸೇರುವವರಿದ್ದರೆ ಅದರ ಕರಾರು ಪತ್ರವನ್ನು ಮೊದಲು ಪೂರ್ತಿ ಓದಿ, ಸೇರಲು ಹಣ ಕೇಳಿದರೆ ಅಲ್ಲಿಗೇ ಬಿಡಿ, ಲಿಂಕ್ ಹಾಕುವಾಗ ‘ಇದರಿಂದ ನನಗೆ ಕಮಿಷನ್ ಬರುತ್ತದೆ’ ಎಂದು ಕನ್ನಡದಲ್ಲೇ ಬರೆಯಿರಿ. ಈಗಾಗಲೇ ಹಣ ಕಟ್ಟಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ: ಸೈಬರ್ ವಂಚನೆಯ ಸಹಾಯವಾಣಿ 1930, ಗ್ರಾಹಕ ಸಹಾಯವಾಣಿ 1915. ಹಣ ಬೇರೆ ಖಾತೆಗಳಿಗೆ ಹಾರುವ ಮೊದಲು ಕರೆ ಮಾಡಿದವರಿಗೆ ಅದು ಮರಳಿ ಸಿಗುವ ಸಾಧ್ಯತೆ ಹೆಚ್ಚು.